ತಪ್ಪಾಯ್ತು ಕಣೋ

ಮೇಣದ ವಸಡಿನಲ್ಲಿ ಆರನೆಯ ಹಲ್ಲನ್ನು ಕೂರಿಸುವಾಗ ಜೇಬಿನಲ್ಲಿದ್ದ ಫೋನು ಮತ್ತೆ ನಡುಗಿತು. ಅವನು ತೆಗೆದು ನೋಡಲಿಲ್ಲ. ಯಾರೋ ಕೈಮುಗಿದಿದ್ದಾರೆ, ಇಲ್ಲವೇ ಅಳುವ ಮುಖದ ಚಿತ್ರ ಹಾಕಿದ್ದಾರೆ, ಇಲ್ಲವೇ ‘ಸರ್, ನಮ್ಮಮ್ಮನೂ ಹೀಗೇ’ ಎಂದು ಶುರುಮಾಡಿದ್ದಾರೆ, ನೋಡದೆಯೇ ಗೊತ್ತಿತ್ತು. ಶನಿವಾರ ಬರೆದು ಹಾಕಿದ್ದು, ಈಗ ಸೋಮವಾರ. ಎರಡು ದಿನದಿಂದ ಇದೇ ಆಗಿತ್ತು. ಏಳು ವರ್ಷದಿಂದ ‘ಹಿಂದಿನ ಸಾಲಿನವನು’ ಎಂಬ ಹೆಸರಿಟ್ಟುಕೊಂಡು ಅವನು ದೆವ್ವದ ಸಿನಿಮಾಗಳ ಬಗ್ಗೆ, ಮಂಕು ಬೆಳಕಿನ ಸಂಸಾರದ ಸಿನಿಮಾಗಳ ಬಗ್ಗೆ ತನ್ನ ಫೋನಿನಲ್ಲೇ ಕುಟ್ಟಿ ಬರೆದು ಹಾಕುತ್ತ ಬಂದಿದ್ದ. ಓದುತ್ತಿದ್ದವರು ಮುನ್ನೂರೋ ನಾನೂರೋ ಜನ, ಅದರಲ್ಲಿ ಅರ್ಧದಷ್ಟು ಜನ ಜಗಳಕ್ಕೆಂದೇ ಬರುವವರು. ಆ ಜಗಳ ಅವನಿಗೆ ಹಿತವಾಗಿತ್ತು. ಹಗಲೆಲ್ಲ ಮುಖ ಕಾಣದವರ ಬಾಯಿಗೆ ಹಲ್ಲು ಕಟ್ಟುವ ಕೆಲಸ. ದಂತವೈದ್ಯರು ಕಳಿಸಿದ ಅಚ್ಚಿನ ಜೊತೆ ಒಂದು ಚೀಟಿ ಬರುತ್ತದೆ, ಹೆಣ್ಣೋ ಗಂಡೋ, ವಯಸ್ಸೆಷ್ಟು, ಹಲ್ಲಿನ ಬಣ್ಣ ಯಾವುದು, ಅಷ್ಟೇ. ಇವತ್ತಿನ ಚೀಟಿಯಲ್ಲಿ ‘ಹೆಣ್ಣು, ಎಪ್ಪತ್ನಾಲ್ಕು’ ಎಂದಿತ್ತು. ಅವನು ಚೀಟಿಯನ್ನು ಮಗುಚಿ ಇಟ್ಟು ಸ್ಪಿರಿಟ್ ದೀಪದಲ್ಲಿ ಚೂರಿಯ ತುದಿ ಕಾಯಿಸಿಕೊಂಡ.

ಈಚೆಗೆ ಬರುತ್ತಿರುವ ದೆವ್ವದ ಸಿನಿಮಾಗಳ ಮೇಲೆ ಅವನಿಗಿದ್ದ ತಕರಾರು, ಈಗಿನ ದೆವ್ವಗಳಿಗೆ ಕೆಲಸವಿಲ್ಲ, ಬರೀ ದುಃಖವಿದೆ ಎಂಬುದು. ಮೊದಲೆಲ್ಲ ದೆವ್ವ ಬಂದರೆ ಕೊಲ್ಲುತ್ತಿತ್ತು, ಇಲ್ಲವೇ ಮೈಮೇಲೆ ಬರುತ್ತಿತ್ತು. ಈಗಿನದು ಬಂದು ಮೂಲೆಯಲ್ಲಿ ನಿಂತು ಯಾರದೋ ಬಾಲ್ಯವನ್ನು ನೆನಪಿಸಿ ಹೋಗುತ್ತದೆ. ಇಲ್ಲದ ಮಹಡಿಯಲ್ಲಿ ಲಿಫ್ಟು ನಿಲ್ಲುವ ಸಿನಿಮಾವೊಂದು ಬಂದಿತ್ತು. ಮೊದಲ ಅರ್ಧ ಗಂಟೆ ಅವನು ಕುರ್ಚಿಯ ಕೈ ಬಿಟ್ಟಿರಲಿಲ್ಲ. ಆಮೇಲೆ ನೋಡಿದರೆ ಆ ಮಹಡಿ ಎಂದರೆ ನಾಯಕನ ಸತ್ತ ತಮ್ಮನಂತೆ. ‘ತಮ್ಮ ಸತ್ತರೆ ಕೂತು ಅಳಿ, ಲಿಫ್ಟನ್ನು ಯಾಕೆ ಕೆಡಿಸುತ್ತೀರಿ’ ಎಂದು ಬರೆದಿದ್ದ, ಜನ ನಕ್ಕಿದ್ದರು. ಅದರ ಮುಂದಿನ ತಿಂಗಳು ಬಂದ ಇನ್ನೊಂದನ್ನು, ನೀರಿನ ಟ್ಯಾಂಕಿನೊಳಗಿಂದ ತನ್ನದೇ ದನಿ ಕೇಳುವ ಹೆಂಗಸಿನ ಕಥೆಯನ್ನು, ಅವನು ಹೊಗಳಿದ್ದ, ಯಾಕೆಂದರೆ ಅದರಲ್ಲಿ ಅವಳು ಮುಚ್ಚಳ ತೆಗೆಯುವಾಗ ಕ್ಯಾಮೆರಾ ಮೆಟ್ಟಿಲ ಮೇಲೆ ನಿಂತುಬಿಡುತ್ತದೆ, ನಾಲ್ಕು ನಿಮಿಷ ಅಲುಗುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಹೆದರಿಸಲು ಹೊರಟವನು ತಾನು ಮುಖ ತಿರುಗಿಸಬಾರದು, ಇದು ಅವನು ಏಳು ವರ್ಷದಿಂದ ಹೇಳುತ್ತ ಬಂದಿದ್ದ ಮಾತು. ತಿರುಗಿಸಿದವನನ್ನು ಅವನು ಕ್ಷಮಿಸುತ್ತಿರಲಿಲ್ಲ.

ಶುಕ್ರವಾರ ನೋಡಿದ ಸಿನಿಮಾದಲ್ಲಿ ನಿರ್ದೇಶಕ ತಿರುಗಿಸಿದ್ದ. ಹಾಸಿಗೆ ಹಿಡಿದ ತಾಯಿ, ನೋಡಿಕೊಳ್ಳುವ ಮಗಳು, ಎರಡು ಕೋಣೆಯ ಮನೆ. ತಾಯಿಯ ತುಟಿ ಮುಚ್ಚಿದ್ದರೂ ಕೋಣೆಯಿಂದ ಯಾರೋ ಗುನುಗುವುದು ಕೇಳಿಸುತ್ತದೆ. ಕೊನೆಗೆ ತಾಯಿ ಸಾಯುವ ಗಳಿಗೆಯಲ್ಲಿ ಕ್ಯಾಮೆರಾ ಅವಳನ್ನು ಬಿಟ್ಟು ಕಿಟಕಿಯ ಪರದೆಯ ಕಡೆ ಹೊರಳಿ, ಅದು ಗಾಳಿಗೆ ಉಬ್ಬಿ ಇಳಿಯುವುದನ್ನೇ ತೋರಿಸುತ್ತದೆ. ಅವನಿಗೆ ಸಿಟ್ಟು ಬಂದಿತ್ತು. ‘ಈ ನಿರ್ದೇಶಕ ಹೇಡಿ,’ ಎಂದು ಬರೆದ. ‘ಸಾಯುವವರ ಹತ್ತಿರ ಕೂತವರಿಗೆ ಗೊತ್ತು, ಅಲ್ಲಿ ಪರದೆ ಉಬ್ಬುವುದಿಲ್ಲ. ಕೈ ಆಡುತ್ತದೆ. ಇಡೀ ದಿನ ಹೊದಿಕೆಯ ಮೇಲೆ ಇಲ್ಲದ ನೂಲನ್ನು ಆರಿಸುತ್ತಿರುತ್ತದೆ. ನಮ್ಮಮ್ಮ ಮೂರು ದಿನ ಹಾಗೆ ಆರಿಸಿದಳು. ನಿದ್ದೆಯಿಲ್ಲದೆ, ನೋಡಲಾರದೆ, ನಾನು ಆ ಕೈಗೆ ಹೊಡೆದೆ. ಹಲ್ಲು ಕಟ್ಟುವ ಕೈ ಇದು, ಎಷ್ಟು ಜೋರಾಗಿ ತಾಗಿತೆಂದು ನನಗೆ ಗೊತ್ತು. ಅಮ್ಮ ಮಗುವಿನ ಹಾಗೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ತಪ್ಪಾಯ್ತು ಕಣೋ, ಎಂದಳು. ಅದನ್ನು ತೋರಿಸಿ. ಅದು ದೆವ್ವ.’

ಅಮ್ಮ ಹೇಳಿದ್ದು ‘ತಪ್ಪಾಯ್ತು ಕಣೇ’ ಎಂದು. ಹೇಳಿದ್ದು ಅಕ್ಕನಿಗೆ.

ಹೋದ ವರ್ಷ, ಅಮ್ಮ ಹೋಗಿ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿದ್ದಳು. ಮೊದಲು ರೇಷನ್ ಕಾರ್ಡಿನಿಂದ ಹೆಸರು ತೆಗೆಸುವ ವಿಷಯ ಮಾತಾಡಿದಳು, ಆಮೇಲೆ ಇದ್ದಕ್ಕಿದ್ದ ಹಾಗೆ, ಯಾರಿಗೂ ಹೇಳಿಲ್ಲ ಕಣೋ, ನಿನಗೊಬ್ಬನಿಗೆ ಹೇಳ್ತಿದ್ದೀನಿ, ಎಂದು ಶುರುಮಾಡಿದ್ದಳು. ಅವನು ಹೂಂ, ಹೂಂ ಎನ್ನುತ್ತ ಇದೇ ಮೇಜಿನ ಮುಂದೆ ಕೂತಿದ್ದ. ಅವಳು ಅಳುತ್ತಿದ್ದಾಗ ಅವನ ಬಲಗೈ ಎದುರಿಗಿದ್ದ ಚೀಟಿಯೊಂದನ್ನು ಮಗುಚಿಕೊಂಡು ‘ನೂಲು ಆರಿಸುವುದು, ತಪ್ಪಾಯ್ತು’ ಎಂದು ಗುರುತು ಹಾಕಿತ್ತು. ಕೈ ತಾನೇ ಬರೆಯಿತು ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದಾನೆ. ಆದರೆ ಬರೆದ ಮೇಲೆ ಆ ಚೀಟಿಯನ್ನು ಎರಡು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡದ್ದು ಕೈಯಲ್ಲ. ಎಂಥ ದೃಶ್ಯ, ಎಂದು ಅನಿಸಿತ್ತು. ಅಕ್ಕ ಎಷ್ಟು ನೊಂದಿದ್ದಾಳೆ ಎಂದು ಅನಿಸಿದ್ದು ಅದಾದ ಮೇಲೆ.

‘ಓದಿದೆ ಕಣಯ್ಯ.’

ಲ್ಯಾಬಿನ ಯಜಮಾನರು ಹಿಂದೆ ಬಂದು ನಿಂತಿದ್ದರು. ಅರವತ್ತು ದಾಟಿದ ಮನುಷ್ಯ, ಪ್ಲಾಸ್ಟರ್ ಪುಡಿ ಹುಬ್ಬಿನ ಮೇಲೆ ಸದಾ ಕೂತಿರುತ್ತದೆ. ಹನ್ನೆರಡು ವರ್ಷದಲ್ಲಿ ಅವರು ಅವನ ಜೊತೆ ಹಲ್ಲಿನ ಹೊರತು ಬೇರೇನನ್ನೂ ಮಾತಾಡಿದವರಲ್ಲ.

‘ನಮ್ಮ ಸೊಸೆ ಕಳಿಸಿದ್ಲು. ನೀನೇ ಅಂತ ಗೊತ್ತಿರ್ಲಿಲ್ಲ. ಹಲ್ಲು ಕಟ್ಟೋ ಕೈ ಅಂತ ಬಂತಲ್ಲ, ಅಲ್ಲಿ ಗೊತ್ತಾಯ್ತು.’ ಅವರು ಸ್ಟೂಲು ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಒರೆಸಿದ್ದರಿಂದ ಅದು ಇನ್ನಷ್ಟು ಮಂಜಾಯಿತು. ‘ನಮ್ಮಪ್ಪ ಮಲಗಿದ್ದಾಗ ನಾನು ಆ ರೂಮಿಗೆ ಹೋಗ್ತಾನೇ ಇರ್ಲಿಲ್ಲ. ವಾಸನೆ ಅಂತ ನೆಪ. ನಿಜ ಹೇಳ್ಬೇಕು ಅಂದ್ರೆ ವಾಸನೇನೂ ಇರ್ಲಿಲ್ಲ, ನಮ್ಮವಳು ಅಷ್ಟು ಚೊಕ್ಕಟವಾಗಿ ಇಟ್ಟಿದ್ಲು. ನೀನು ಕೂತಿದ್ಯಲ್ಲ. ಹೊಡೆದ್ರೆ ಏನಾಯ್ತು ಬಿಡು. ಕೂತವನು ತಾನೇ ಹೊಡೆಯೋದು.’

ಆ ಕ್ಷಣ ಅವನು ಹೇಳಬಹುದಾಗಿತ್ತು. ಎದುರಿಗಿದ್ದವರು ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತ ಹಾಗಿತ್ತು, ನಾನೂ ಹೋಗಲಿಲ್ಲ ಸರ್ ಎಂದರೆ ಸಾಕು, ಮುದುಕರು ಇನ್ನೊಂದು ಮಾತೂ ಕೇಳುತ್ತಿರಲಿಲ್ಲ. ಅವನು ಚೂರಿಯಿಂದ ಮೇಣ ಕೆರೆದ. ‘ಏನಿಲ್ಲ ಸರ್,’ ಎಂದ. ‘ಎಲ್ಲ ಮಕ್ಕಳೂ ಮಾಡೋದೇ.’ ಹಾಗೆ ಹೇಳಿದ ತನ್ನ ದನಿ ಎಷ್ಟು ವಿನಯವಾಗಿತ್ತೆಂದರೆ ಅವನಿಗೆ ಮೈ ಜುಮ್ಮೆಂದಿತು. ಯಜಮಾನರು ಅವನ ಬೆನ್ನ ಮೇಲೆ ಕೈಯಿಟ್ಟು ಎದ್ದು ಹೋದರು. ಆ ಕೈಯ ಬಿಳಿ ಗುರುತು ಅಂಗಿಯ ಮೇಲೆ ಉಳಿದಿರಬೇಕು. ಹೋಗಿ ಕನ್ನಡಿಯಲ್ಲಿ ನೋಡಿಕೊಳ್ಳಬೇಕೆಂದು ಅನಿಸಿ, ಹಾಗೆ ಅನಿಸಿದ್ದಕ್ಕೇ ನಾಚಿ ಕೂತ. ಕೂರಿಸಿದ್ದ ಆರನೆಯ ಹಲ್ಲು ಸೊಟ್ಟಗಿತ್ತು. ಕಿತ್ತ.

ಹನ್ನೊಂದರ ಹೊತ್ತಿಗೆ ಅಕ್ಕನ ಮಗಳು ಫೋನು ಮಾಡಿದಳು. ಕಾಲೇಜಿನ ಎರಡನೇ ವರ್ಷ. ಸಿನಿಮಾದ ಹುಚ್ಚು ಅವಳಿಗೆ ಅವನಿಂದಲೇ ಹತ್ತಿದ್ದು. ‘ಹಿಂದಿನ ಸಾಲಿನವನು’ ಯಾರೆಂದು ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಎಂದಿನ ಹಾಗೆ ‘ಮಾಮಾ, ಇದು ಅನ್ಯಾಯ’ ಎಂದು ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದ. ಅವಳು ತೆಗೆಯಲಿಲ್ಲ.

‘ಅಮ್ಮನಿಗೆ ಓದಿ ಹೇಳ್ದೆ,’ ಎಂದಳು.

‘ಯಾಕೆ?’

‘ಯಾಕೆ ಅಂದ್ರೆ? ಅಜ್ಜಿ ವಿಷ್ಯ ಬಂದಿತ್ತಲ್ಲ.’

‘ಏನಂದ್ಲು?’

‘ಏನೂ ಅನ್ನಲಿಲ್ಲ. ಇನ್ನೊಂದ್ಸಲ ಓದು ಅಂದ್ಲು. ಓದ್ದೆ. ಎದ್ದು ಒಳಗೆ ಹೋದ್ಲು. ಮಾಮಾ, ನೀನು ಚೆನ್ನಾಗಿ ಬರ್ದಿದ್ದೀಯ. ಆದ್ರೆ ನೀನು ಅಜ್ಜಿಗೆ ಹೊಡೆದೆ ಅಂತ ಗೊತ್ತಿರ್ಲಿಲ್ಲ ನನಗೆ,’ ಎಂದಳು. ಆಮೇಲೆ ಕ್ಲಾಸಿದೆ ಎಂದು ಇಟ್ಟುಬಿಟ್ಟಳು.

ಅರ್ಧ ಗಂಟೆಯಲ್ಲಿ ಅಕ್ಕನ ಫೋನು ಬಂತು. ಅವನು ಕೈ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, ಕೊನೆಯ ರಿಂಗಿಗೆ ಎತ್ತಿದ. ‘ಆ ಸಿನಿಮಾ ಇನ್ನೂ ಓಡ್ತಿದೆಯಾ?’ ಎಂದು ಕೇಳಿದಳು ಅಕ್ಕ. ಓಡ್ತಿದೆ ಎಂದ. ‘ಮಧ್ಯಾಹ್ನದ ಆಟಕ್ಕೆ ಕರ್ಕೊಂಡು ಹೋಗು ನನ್ನ.’ ದೆವ್ವದ್ದು ಅಕ್ಕಾ, ಎಂದ. ‘ಗೊತ್ತು,’ ಎಂದಳು.

ಅಕ್ಕ ಥಿಯೇಟರಿಗೆ ಬಂದು ಎಷ್ಟು ವರ್ಷವಾಗಿತ್ತೋ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಆಸ್ಪತ್ರೆಗೆ ಹೋಗುವಾಗ ಹಿಡಿಯುವ ಕಪ್ಪು ಚೀಲವನ್ನು ಎದೆಗೊತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಅವನನ್ನು ಕಂಡು ನಗಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ, ‘ಊಟ ಆಯ್ತಾ?’ ಎಂದಳು. ಆಯ್ತೆಂದು ಸುಳ್ಳು ಹೇಳಿದ. ಒಳಗೆ ಹತ್ತು ಹನ್ನೆರಡು ಜನ ಚೆದುರಿ ಕೂತಿದ್ದರು. ಅವನು ಅಭ್ಯಾಸಬಲದಿಂದ ಹಿಂದಿನ ಸಾಲಿಗೆ ಹತ್ತಲು ಹೋದ, ಅಕ್ಕ ನಡುವಿನ ಸಾಲಿನಲ್ಲೇ ಕೂತುಬಿಟ್ಟಳು, ಅವನು ಇಳಿದು ಬಂದ. ಸಿನಿಮಾ ಶುರುವಾದ ಮೇಲೆ ಅವನು ಪರದೆಯನ್ನು ನೋಡಲಿಲ್ಲ, ಓರೆಗಣ್ಣಿನಲ್ಲಿ ಅಕ್ಕನನ್ನೇ ನೋಡುತ್ತಿದ್ದ. ಜನ ಬೆಚ್ಚುವ ಕಡೆಯಲ್ಲೆಲ್ಲ ಅವಳು ಸುಮ್ಮನಿದ್ದಳು. ಬಾಗಿಲು ತಾನೇ ತೆರೆದುಕೊಂಡಾಗ, ಕನ್ನಡಿಯಲ್ಲಿ ಇನ್ನೊಂದು ಮುಖ ಕಂಡಾಗ, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಆದರೆ ಮಗಳು ತಾಯಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಬೆನ್ನ ಕೆಳಗಿನ ಬಟ್ಟೆ ಎಳೆಯುವ ಸಾಧಾರಣ ದೃಶ್ಯವೊಂದಿತ್ತು. ಅದನ್ನು ಅವನು ‘ಎಳೆತ, ಕತ್ತರಿಸಬಹುದಿತ್ತು’ ಎಂದು ಬರೆದಿದ್ದ. ಅಲ್ಲಿ ಅಕ್ಕನ ಮೊಣಕೈಗಳು ತಾವಾಗಿ ಅಲುಗಿದವು. ‘ಮೊದ್ಲು ಮಂಡಿ ಮಡಿಸ್ಬೇಕು,’ ಎಂದು ಪಿಸುಗುಟ್ಟಿದಳು, ಅವನಿಗಲ್ಲ, ಪರದೆಯ ಮೇಲಿನ ಹುಡುಗಿಗೆ. ಹುಡುಗಿ ಮಂಡಿ ಮಡಿಸಿದಳು. ಅಕ್ಕ ಹಿಂದಕ್ಕೆ ಒರಗಿದಳು.

ಅಮ್ಮ ಮಲಗಿದ್ದ ಕೋಣೆಯನ್ನು ಅವನು ಕೂಡ ನೋಡಿದ್ದಾನೆ, ಹೊಸಿಲಿನಿಂದ. ಹಾಸಿಗೆಯ ಕಾಲು, ಪ್ಲಾಸ್ಟಿಕ್ ಬಕೆಟ್ಟು, ಗೋಡೆಗೆ ಒರಗಿಸಿಟ್ಟ ಬೆಡ್‌ಪ್ಯಾನು, ಮೂಲೆಯಲ್ಲಿ ಮಡಿಸಿದ ಹಳೇ ಬಟ್ಟೆಗಳ ಗುಡ್ಡೆ. ‘ಅಮ್ಮಾ, ನಾನು ಬಂದಿದ್ದೀನಿ’ ಎಂದು ಅಲ್ಲಿಂದಲೇ ಕೂಗಿ ಹೇಳಿದ್ದ, ದೂರದ ಊರಿನವರ ಜೊತೆ ಫೋನಿನಲ್ಲಿ ಮಾತಾಡುವವನ ಹಾಗೆ. ಅಮ್ಮನ ತಲೆ ಈ ಕಡೆ ತಿರುಗಲು ನೋಡಿತು. ಅದು ಪೂರ್ತಿ ತಿರುಗುವ ಮೊದಲೇ ಅವನು, ಅಕ್ಕಾ ಏನಾದ್ರೂ ತರ್ಬೇಕಾ, ಎಂದು ಕೇಳುತ್ತ ಅಡುಗೆಮನೆಯ ಕಡೆ ಹೊರಟಿದ್ದ. ಸಿನಿಮಾಗಳಲ್ಲಿ ಐಸಿಟ್ಟ ಹೆಣದ ಕಣ್ಣು ತೆರೆದುಕೊಳ್ಳುವುದನ್ನು, ಗರಗಸದ ಕೆಳಗಿನ ಬೆರಳನ್ನು, ಮಗುವಿನ ತೊಟ್ಟಿಲಿನಿಂದ ಇಳಿಯುವ ಉದ್ದನೆಯ ಕೂದಲನ್ನು ರೆಪ್ಪೆ ಮುಚ್ಚದೆ ನೋಡಿದವನು. ಸ್ನೇಹಿತರು ಬೆರಳ ಸಂದಿಯಿಂದ ನೋಡುವಾಗ ಅವರ ಕೈ ಹಿಡಿದು ಕೆಳಗಿಳಿಸಿ ನಕ್ಕವನು.

ಪರದೆಯ ಮೇಲೆ ತಾಯಿಯ ಉಸಿರು ನಿಧಾನವಾಯಿತು. ಕ್ಯಾಮೆರಾ ಹೊರಳಿತು, ಕಿಟಕಿಯ ಬಟ್ಟೆ ಉಬ್ಬಿತು, ಇಳಿಯಿತು. ಅಕ್ಕ ಹಿಡಿದಿದ್ದ ಉಸಿರನ್ನು ಬಿಟ್ಟಳು. ‘ಒಳ್ಳೇದು ಮಾಡ್ದ,’ ಎಂದಳು ಮೆಲ್ಲಗೆ.

ಹೊರಗೆ ಬಿಸಿಲಿತ್ತು. ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಬ್ಬರ ನಡುವೆ ಅವಳು ಚೀಲವಿಟ್ಟಳು. ಬಸ್ಸೊಂದು ಬಂದು ಹೋಯಿತು, ಅವರದೇ ಬಸ್ಸು, ಇಬ್ಬರೂ ಏಳಲಿಲ್ಲ.

‘ಹೇಡಿ ಅಂತ ಬರ್ದಿದ್ಯಲ್ಲ ಅವನನ್ನ,’ ಎಂದಳು ಅಕ್ಕ. ‘ಹೇಡಿ ಅಲ್ಲ ಕಣೋ. ಅವನು ನೋಡಿದಾನೆ. ಅಮ್ಮನ ಉಸಿರು ನಿಂತಾಗ ನಾನೂ ಕ್ಯಾಲೆಂಡರ್ ನೋಡ್ತಿದ್ದೆ. ಅದ್ರಲ್ಲಿ ಹಾಲಿನವನ ಲೆಕ್ಕ ಬರ್ದಿತ್ತು, ಅದನ್ನೇ ಓದ್ತಿದ್ದೆ. ಅಷ್ಟು ದಿನ ಮುಖಾನೇ ನೋಡಿ ನೋಡಿ, ಆ ಒಂದು ಗಳಿಗೆ ಆಗ್ಲಿಲ್ಲ. ಹತ್ರ ಕೂತವರಿಗೆ ಗೊತ್ತು ಅಂತ ನೀನು ಬರ್ದಿದ್ದೀಯ. ಏನ್ ಗೊತ್ತು ನಿನಗೆ?’

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಅವನು ಚಪ್ಪಲಿಯ ತುದಿಯಿಂದ ಒಂದು ಬಾಟಲಿಯ ಮುಚ್ಚಳವನ್ನು ಮಣ್ಣಿಗೆ ಒತ್ತುತ್ತ, ‘ತೆಗೆದುಹಾಕ್ತೀನಿ ಅಕ್ಕಾ. ನಿಜ ಏನು ಅಂತ ಬರೀತೀನಿ,’ ಎಂದ.

‘ಏನಂತ ಬರೀತೀಯ? ಅಕ್ಕ ಹೊಡೆದ್ಲು ಅಂತಾನಾ?’

ಬರೆದದ್ದು ಉಳಿದರೆ ಅವಳ ಪಾಪ ಅವನ ಹೆಸರಿನಲ್ಲಿ ಮೆರೆಯುತ್ತದೆ; ತಿದ್ದಿದರೆ ಅವಳನ್ನು ತಂದು ಬೀದಿಯಲ್ಲಿ ನಿಲ್ಲಿಸಿದ ಹಾಗೆ. ಒಂದೇ ಒಂದು ಕಾಗುಣಿತ ಬದಲಿಸಿ, ಏತ್ವ ಅಳಿಸಿ ಓತ್ವ ಹಚ್ಚಿ, ಅವನು ಎರಡೂ ಕಡೆಯ ದಾರಿ ಮುಚ್ಚಿದ್ದ.

‘ಮಗಳು ನನಗೆ ಎರಡನೇ ಸಲ ಓದಿ ಹೇಳೋವಾಗ,’ ಎಂದಳು ಅಕ್ಕ, ‘ಅಮ್ಮಾ, ಮಾಮ ಹಿಂಗ್ ಮಾಡ್ದ ಅಂತ ನಂಬಕ್ಕಾಗಲ್ಲ ಅಂದ್ಲು. ನಾನು ಸುಮ್ನಿದ್ದೆ. ಒಂದು ಸಲ ಬಾಯಿ ತೆರೆದಿದ್ರೆ ಮುಗಿದುಹೋಗ್ತಿತ್ತು. ತೆರೀಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದಿದ್ದನ್ನೇ ಮತ್ತೆ ತೊಳೆದೆ.’ ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ‘ನೀನು ಕದ್ದೆ, ನಾನು ಕದ್ದುಕೊಂಡು ಹೋಗ್ಲಿ ಅಂತ ಬಿಟ್ಟೆ. ಬಸ್ ಬಂತು, ಏಳು.’

ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು, ಅವನು ಕಂಬಿ ಹಿಡಿದು ನಿಂತ. ನಿಂತಲ್ಲೇ ಒಂದು ತೀರ್ಮಾನಕ್ಕೆ ಬಂದ: ಅಕ್ಕನ ಮಗಳು ಕೇಳಿದರೆ ಹೌದು ಎನ್ನುವುದು. ಹೊಡೆದವನು ನಾನೇ. ಜೀವಮಾನವಿಡೀ ಅವಳ ಕಣ್ಣಿನಲ್ಲಿ ಅಜ್ಜಿಗೆ ಕೈ ಮಾಡಿದವನಾಗಿ ಉಳಿಯುವುದು, ಅಕ್ಕನಿಗಾಗಿ ಅಷ್ಟಾದರೂ ಹೊರುವುದು. ಹಾಗೆ ಅಂದುಕೊಂಡದ್ದೇ ಎದೆ ಹಗುರಾಗಿ ಕಣ್ಣು ತುಂಬಿ ಬಂತು. ಮರುಗಳಿಗೆಯಲ್ಲೇ ಇದು ತಾನು ಎಷ್ಟೋ ಸಲ ಗೇಲಿ ಮಾಡಿದ ಕೊನೆಯ ದೃಶ್ಯಗಳ ಹಾಗೇ ಇದೆಯೆಂದು ತೋರಿ ಒಣಗಿತು.

ಹುಡುಗಿಯೇ ಬಾಗಿಲು ತೆಗೆದಳು. ಪಕ್ಕಕ್ಕೆ ಸರಿದು, ‘ಬನ್ನಿ ಮಾಮ,’ ಎಂದಳು. ಹುಟ್ಟಿದಾಗಿನಿಂದ ಅವನನ್ನು ನೀನು ಎಂದವಳು. ಅವನು ಹಾಲ್‌ನಲ್ಲಿ ನಿಂತ. ಅಕ್ಕ ಗೋಡೆಗೆ ಒಂದು ಕೈ ಕೊಟ್ಟು ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದಳು.

‘ನಿಜವಾಗ್ಲೂ ಹೊಡೆದ್ರಾ?’ ಎಂದು ಕೇಳಿದಳು ಹುಡುಗಿ.

‘ಹೂಂ,’ ಎಂದ ಅವನು.

‘ಸುಳ್ಳು.’ ಅಕ್ಕ ಬಗ್ಗಿದಲ್ಲಿಂದಲೇ ಹೇಳಿದಳು. ಆಮೇಲೆ ನೆಟ್ಟಗಾದಳು. ‘ಅವನು ಆ ರೂಮಿಗೇ ಬರ್ಲಿಲ್ಲ. ಹೊಡೆದಿದ್ದು ನಾನು. ಅಜ್ಜಿ ತಪ್ಪಾಯ್ತು ಅಂದಿದ್ದೂ ನನಗೆ.’

ಹುಡುಗಿ ಅಮ್ಮನನ್ನು ನೋಡಿದಳು. ಎರಡು ಹೆಜ್ಜೆ ಮುಂದೆ ಹೋಗಿ ಅಕ್ಕನ ಕೈಯಿಂದ ಚೀಲ ತೆಗೆದುಕೊಂಡಳು, ತೆಗೆದುಕೊಂಡು ಆ ಕೈಯನ್ನು ಬಿಡದೆ ಹಾಗೇ ಹಿಡಿದು ನಿಂತಳು. ‘ಮೂರು ದಿನ ನೀನು ಮಲಗೇ ಇರ್ಲಿಲ್ಲ,’ ಎಂದಳು. ‘ನಾನು ನೋಡಿದೀನಿ.’ ಅಷ್ಟೇ. ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕ್ಷಮೆ ಇಷ್ಟು ಸಲೀಸಾಗಿ ಸಿಗುವುದನ್ನು ಅವನು ಎಂದೂ ಕಂಡಿರಲಿಲ್ಲ. ಅದು ಹೊಡೆದವರಿಗೆ ಸಿಗುತ್ತಿತ್ತು. ಹೊಡೆಯುವಷ್ಟು ಹತ್ತಿರ ಹೋಗದವನಿಗೆ ಏನೆಂದು ಕೊಡುವುದು?

‘ಮತ್ತೆ ನೀವು ಎಲ್ಲಿದ್ರಿ, ಅಜ್ಜಿ ಹೋದ ದಿನ?’ ಹುಡುಗಿ ಅವನ ಕಡೆ ತಿರುಗಿದಳು. ‘ನಾನು ಕಾಲೇಜಿಂದ ಬಂದಾಗ ಇಲ್ಲೇ ಇದ್ರಲ್ಲ.’

‘ಇಲ್ಲೇ. ಈ ಸೋಫಾ ಮೇಲೆ. ಸಿನಿಮಾ ನೋಡ್ತಿದ್ದೆ. ಫೋನಲ್ಲಿ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು.’ ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅಕ್ಕನಿಗೆ ಇದು ಗೊತ್ತಿದೆ, ಒಂದು ವರ್ಷದಿಂದ ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದಾಳೆ, ಅವಳು ಹೇಳುವ ಮೊದಲು ತಾನೇ ಹೇಳಬೇಕು ಎಂದು ಅವನಿಗೆ ಅನಿಸಿತು. ‘ನಿಮ್ಮಮ್ಮ ಹೊರಗೆ ಬಂದು, ಮುಗೀತು, ಅಂದ್ಲು. ನಾನು ಒಂದು ಕಿವಿದು ತೆಗೆದು, ಸಿನಿಮಾ ಮುಗೀತಾ ಅಂತ ಕೇಳ್ತಿದಾಳೆ ಅಂದ್ಕೊಂಡು, ಇಲ್ಲ, ಇನ್ನೂ ಹತ್ತು ನಿಮಿಷ ಇದೆ, ಅಂದೆ.’

ಅಕ್ಕ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹಳೆಯ ಗಾಯವನ್ನು ಮುಟ್ಟಿದ ನೋವಿರಲಿಲ್ಲ. ಈಗಷ್ಟೇ ಏನೋ ತಾಗಿದವಳ ಹಾಗಿತ್ತು.

‘ಹಂಗಂದ್ಯಾ?’ ಎಂದಳು. ‘ನನಗೆ ಕೇಳಿಸ್ಲೇ ಇಲ್ಲ.’

ಅವನು ಸೋಫಾದ ಬೆನ್ನನ್ನು ಹಿಡಿದುಕೊಂಡ. ಹುಡುಗಿ ಅಮ್ಮನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅಕ್ಕ ತುಸು ಹೊತ್ತು ನೆಲ ನೋಡಿದಳು, ಏನನ್ನೋ ಕೂಡಿಸಿ ಕಳೆಯುವವಳ ಹಾಗೆ. ಆಮೇಲೆ ತಲೆಯೆತ್ತಿ, ತಮ್ಮನನ್ನು ಕೇಳುವ ದನಿಯಲ್ಲೇ, ಮೆತ್ತಗೆ ಕೇಳಿದಳು:

‘ಆ ಹತ್ತು ನಿಮಿಷ, ಆಮೇಲೆ ನೋಡಿದ್ಯಾ?’

ಇಲ್ಲ ಎನ್ನುವುದು ಸುಲಭವಾಗಿತ್ತು. ಯಾರೂ ಸಾಕ್ಷಿಯಿರಲಿಲ್ಲ.

‘ನೋಡಿದೆ,’ ಎಂದ ಅವನು. ‘ಅದೇ ವಾರ.’